ಟಾರ್ಗೆಟ್ ಸೈನಿಗೆ ಸಂದ ಅತಿಗೌರವ

ನರಕವಚದ ಸೌಮ್ಯ ಗೆಡ್ಡೆಗಳನ್ನು (ಶ್ವಾನೋಮಾ, ನ್ಯೂರೋಫೈಬ್ರೋಮಾ) ಗುರುತಿಸುವುದರಲ್ಲಿ ಎಂಆರ್‌ಐ ಗಳಿಸಿರುವ ಹೆಸರಿನ ದೊಡ್ಡ ಪಾಲು ಒಂದೇ ಗುರುತಿಗೆ ಸಂದಿದೆ. ಟಿ2 ಚಿತ್ರದಲ್ಲಿ ಗೆಡ್ಡೆಯ ನಡು ಕಪ್ಪಗೆ, ಸುತ್ತಲಿನ ಅಂಚು ಬೆಳ್ಳಗೆ ಕಂಡರೆ ಅದು ಟಾರ್ಗೆಟ್ ಸೈನ್. ಕಿವಿಯ ಒಳನಾಳದ ಶ್ವಾನೋಮಾವನ್ನು ಪತ್ತೆ ಮಾಡುವುದರಲ್ಲಿ ಎಂಆರ್‌ಐಗೆ ಸಾಟಿಯಿಲ್ಲ; ಅಲ್ಲಿ ತಕರಾರಿಲ್ಲ. ತಕರಾರಿರುವುದು ಕೈಕಾಲು, ಕತ್ತು, ಹೊಟ್ಟೆಯ ನರಗಳ ಮೇಲೆ ಬೆಳೆದ ಗೆಡ್ಡೆಗಳ ರಿಪೋರ್ಟಿನಲ್ಲಿ ಈ ಗುರುತು ತೀರ್ಪುಗಾರನ ಪೀಠದಲ್ಲಿ ಕುಳಿತಿರುವುದರ ಬಗ್ಗೆ.

ಆ ಕಪ್ಪು-ಬಿಳುಪು ತೋರಿಸುವುದಾದರೂ ಏನನ್ನು? ಗೆಡ್ಡೆಯೊಳಗೆ ನೀರು ಹೇಗೆ ಹಂಚಿಹೋಗಿದೆ ಎಂಬುದನ್ನು, ಅಷ್ಟೆ. ನ್ಯೂರೋಫೈಬ್ರೋಮಾದ ನಡುವೆ ಕೊಲ್ಲಾಜೆನ್ ನಾರು ಒತ್ತಾಗಿರುತ್ತದೆ, ಅಂಚಿನಲ್ಲಿ ಲೋಳೆಯಂಥ, ನೀರು ತುಂಬಿದ ಊತಕವಿರುತ್ತದೆ. ಹಾಗಾಗಿಯೇ ಮೊದಮೊದಲು ಇದನ್ನು ನ್ಯೂರೋಫೈಬ್ರೋಮಾದ ಸ್ವಂತ ಗುರುತೆಂದು ತಿಳಿದಿದ್ದರು. ಆದರೆ ನಿಲ್ಸ್ ಆಂಟೋನಿ 1920ರಲ್ಲಿ ಶ್ವಾನೋಮಾದಲ್ಲಿ ಬೇರ್ಪಡಿಸಿ ತೋರಿಸಿದ ಎರಡು ಬಗೆಯ ರಚನೆಗಳಲ್ಲಿ ಜೀವಕೋಶ ದಟ್ಟವಾದ ‘ಎ’ ನಡುವೆಯೂ ಸಡಿಲವಾದ ‘ಬಿ’ ಸುತ್ತಲೂ ಇದ್ದರೆ ಅದೇ ಚಿತ್ರ ಅಲ್ಲಿಯೂ ಮೂಡುತ್ತದೆ. ಎರಡನ್ನು ಬೇರ್ಪಡಿಸುವ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಸೌಮ್ಯವೋ ಮಾರಕವೋ ಎಂಬ ಪ್ರಶ್ನೆ. ಮಾರಕ ಬೆಳವಣಿಗೆ ಈ ಪದರಗಳನ್ನು ಅಳಿಸಿಹಾಕುವುದರಿಂದ ಗುರುತು ಕಂಡರೆ ಸಮಾಧಾನಪಡಲು ಕಾರಣವಿದೆ, ನಿಜ. ಆದರೆ ಎನ್‌ಎಫ್‌1 (ನ್ಯೂರೋಫೈಬ್ರೋಮಟೋಸಿಸ್ ಟೈಪ್ 1 ಎಂಬ ಆನುವಂಶಿಕ ಕಾಯಿಲೆ) ಇರುವವರ ಹಬ್ಬಿದ ಗೆಡ್ಡೆಯಲ್ಲಿ ಒಂದು ಭಾಗ ಕೆಟ್ಟಿದ್ದರೂ ಪಕ್ಕದ ಭಾಗ ಅಚ್ಚುಕಟ್ಟಾದ ಟಾರ್ಗೆಟ್ ತೋರಿಸುತ್ತಿರಬಹುದು. ಗುರುತು ಕಾಣದಿದ್ದರಂತೂ ಏನೂ ಹೇಳಿದಂತಾಗುವುದಿಲ್ಲ: ವರ್ಷಗಟ್ಟಲೆ ಉಳಿದು, ಒಳಗೆ ನೀರುಗುಳ್ಳೆ, ರಕ್ತಸ್ರಾವ, ಸುಣ್ಣ ಕಟ್ಟಿದ ಹಳೆಯ ಶ್ವಾನೋಮಾ ನೋಡಲು ಭಯಂಕರ, ಸ್ವಭಾವದಲ್ಲಿ ನಿರುಪದ್ರವಿ.

ಒಂದೇ ಗುರುತನ್ನು ಯಾರು ನಂಬುತ್ತಾರೆ, ಹಲವನ್ನು ಕೂಡಿಸಿ ಓದುತ್ತೇವೆ ಎಂಬ ಉತ್ತರ ಬರುತ್ತದೆ. ಗಾತ್ರ, ಅಂಚಿನಲ್ಲಷ್ಟೇ ಗ್ಯಾಡೋಲಿನಿಯಂ ಹಿಡಿಯುವುದು, ಸುತ್ತಲಿನ ಊತ, ಒಳಗಿನ ನೀರುಗುಳ್ಳೆ ಎಂಬ ನಾಲ್ಕನ್ನು ಕೂಡಿಸಿದ 2010ರ ಅಧ್ಯಯನವೊಂದರಲ್ಲಿ, ಎರಡಾದರೂ ಇದ್ದರೆ ಮಾರಕವೆಂದುಕೊಂಡಾಗ ನಿರ್ದಿಷ್ಟತೆ ಶೇ. 90, ಸೂಕ್ಷ್ಮತೆ ಶೇ. 61. ಎಂದರೆ ಮಾರಕ ಗೆಡ್ಡೆಗಳಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಕೈತಪ್ಪಿದವು. ಇದನ್ನು ಕಂಡವರು ಈಗ ಸಂಖ್ಯೆಯ ಮೊರೆ ಹೋಗಿದ್ದಾರೆ. ನೀರಿನ ಕಣಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ಚಿತ್ರದಲ್ಲಿ ಆ ಚಲನೆಯ ಕನಿಷ್ಠ ಅಳತೆ (ಎಡಿಸಿ) ಒಂದು ಮಿತಿಗಿಂತ ಕೆಳಗಿದ್ದರೆ ಅನುಮಾನಿಸಬೇಕು ಎಂಬುದು ಅವರ ವಾದ. 2014ರ ಒಂದು ಅಧ್ಯಯನ ಈ ಅಳತೆಗೆ ಶೇ. 100 ಸೂಕ್ಷ್ಮತೆ ಕೊಟ್ಟಿತು. ಆದರೆ ಅದರಲ್ಲಿದ್ದ ಮಾರಕ ಗೆಡ್ಡೆಗಳು ಬೆರಳೆಣಿಕೆಯವು, ನಿರ್ದಿಷ್ಟತೆ ಶೇ. 77. ಕನಿಷ್ಠ ಬೆಲೆ ಎಂಬುದು ಓದುವವರು ಗೆಡ್ಡೆಯ ಯಾವ ಚೂರಿನ ಮೇಲೆ ಗೆರೆ ಎಳೆದರು ಎಂಬುದನ್ನು ಅವಲಂಬಿಸಿದೆ. ಕೋಶ ದಟ್ಟವಾದ ಶ್ವಾನೋಮಾವೂ ಅದನ್ನು ಇಳಿಸಬಲ್ಲದು. ಚಿತ್ರವನ್ನು ಬಿಟ್ಟು ಅಂಕಿ ಹಿಡಿದವರೂ ಸಾಕ್ಷಿ ಕೇಳುತ್ತಿರುವುದು ಅದೇ ನೀರನ್ನು. ಎಲ್ಲಕ್ಕೂ ಬಯಾಪ್ಸಿ ಎನ್ನುವವರದು ಇನ್ನೊಂದು ಅತಿ: ಸೂಜಿ ಮುಟ್ಟುವುದು ಒಂದು ಚೂರನ್ನು, ನೋಯುವುದು ಇಡೀ ನರ.

ಎಂಆರ್‌ಐನ ನಿಜವಾದ ಸಾಧನೆ ಬೇರೆ ಕಡೆಯಿದೆ, ಅದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ಕದಿರಿನಾಕಾರದ ಗಂಟಿನ ಒಂದು ತುದಿಯಲ್ಲಿ ನರ ಒಳಹೊಕ್ಕು ಇನ್ನೊಂದರಲ್ಲಿ ಹೊರಬರುವುದನ್ನು ಅದು ತೋರಿಸಬಲ್ಲದು. ದುಗ್ಧಗ್ರಂಥಿಯೆಂದೋ ನೀರುಗುಳ್ಳೆಯೆಂದೋ ಭಾವಿಸಿ ಕತ್ತರಿಸಹೊರಟ ಕೈಯನ್ನು ತಡೆದು ನರವನ್ನು ಉಳಿಸುವುದು ಈ ಸಾಮಾನ್ಯ ಗುರುತೇ. ಶ್ವಾನೋಮಾದಲ್ಲಿ ನರದ ಎಳೆಗಳು ಬದಿಗೆ ಸರಿದಿರುವುದರಿಂದ ಗೆಡ್ಡೆಯನ್ನು ಹೆಚ್ಚಾಗಿ ಬಿಡಿಸಿ ತೆಗೆಯಬಹುದು; ನ್ಯೂರೋಫೈಬ್ರೋಮಾದಲ್ಲಿ ಎಳೆಗಳು ಗೆಡ್ಡೆಯೊಳಗೇ ಹಾಯುತ್ತವೆ. ಸಣ್ಣ ನರಗಳಲ್ಲಿ ಈ ವ್ಯತ್ಯಾಸವನ್ನೂ ಎಂಆರ್‌ಐ ಖಚಿತವಾಗಿ ಹೇಳಲಾರದು ಎಂದು ಒಪ್ಪಬೇಕು. ಎನ್‌ಎಫ್‌1 ಇರುವವರಲ್ಲಿ ಜೀವಮಾನದ ಮಾರಕತೆಯ ಅಪಾಯ ಶೇ. 8ರಿಂದ 13. ಅಂಥವರಲ್ಲಿ ಹೊಸದಾಗಿ ಶುರುವಾದ ನೋವು, ಬಲಗುಂದಿದ ಕೈ, ಹಿಂದಿನ ಚಿತ್ರಕ್ಕಿಂತ ಬೇಗ ಬೆಳೆದ ಗಾತ್ರ ಇವುಗಳ ಮುಂದೆ ಎಷ್ಟೇ ಚೆಂದದ ಟಾರ್ಗೆಟ್ ಕಂಡರೂ ಅದಕ್ಕೆ ಬೆಲೆಯಿಲ್ಲ. ರಿಪೋರ್ಟಿನ ಮೊದಲ ಸಾಲು ಯಾವ ನರ, ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬುದಕ್ಕೆ ಮೀಸಲಾಗಬೇಕು. ಟಾರ್ಗೆಟ್ ಸೈನ್ ಕೊನೆಯ ಸಾಲಿನಲ್ಲಿ, ಪೂರಕ ಸಾಕ್ಷಿಯಾಗಿ ಇದ್ದರೆ ಸಾಕು.