ಎಲ್ಲಿ ಕುಂತು ನೋಡಿದಿರಿ? ಹಳೆಯ ಧಾರಾವಾಹಿಗಳ ಹಳಹಳಿಕೆಯನ್ನು ಕುರಿತು

ದೂರದರ್ಶನದ ಹಳೆಯ ಧಾರಾವಾಹಿಗಳ ಬಗ್ಗೆ ನಮ್ಮ ಅಕ್ಷರಸ್ಥರಲ್ಲಿ ಒಂದು ಹಳಹಳಿಕೆ ಬೆಳೆದು ನಿಂತಿದೆ. 'ಹಮ್ ಲೋಗ್' (1984-85), 'ಬುನಿಯಾದ್' (1986-87), 'ಮಾಲ್ಗುಡಿ ಡೇಸ್', 'ರಾಮಾಯಣ' (1987-88), 'ಮಹಾಭಾರತ' (1988-90) ಎಂದು ಹೆಸರು ಹೇಳುತ್ತಾ ಹೋದರೆ ಸಾಕು, ಕುಳಿತವರ ಮುಖ ಅರಳುತ್ತದೆ. ಆಮೇಲೆ ಒಂದು ಮಾತು ಬಂದೇ ಬರುತ್ತದೆ: "ಆಗ ಇಡೀ ಊರು ಒಂದೇ ಕಡೆ ಕೂತು ನೋಡ್ತಿತ್ತು. ಜಾತಿಗೀತಿ ಅಂತ ಯಾರೂ ಅಂತಿರಲಿಲ್ಲ." ನಾನು ಆ ಕಾಲವಾದ ಮೇಲೆ ಹುಟ್ಟಿದವಳು. ಆದರೂ ಈ ಮಾತನ್ನು ಕೇಳಿ ಕೇಳಿ ಅದು ನನ್ನದೇ ನೆನಪೇನೋ ಅನ್ನಿಸಿಬಿಟ್ಟಿತ್ತು. 'ಇಡೀ ಊರು' ಎಂಬ ಆ ಎರಡು ಶಬ್ದಗಳ ಮೇಲಿನ ತಕರಾರು ಈ ಬರಹ.

ತಕರಾರು ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಮನೆಯಲ್ಲಿ. 2020ರ ಮಾರ್ಚ್ 28ರಿಂದ, ಲಾಕ್‌ಡೌನ್ ಘೋಷಣೆಯಾದ ನಾಲ್ಕೇ ದಿನಕ್ಕೆ, ದೂರದರ್ಶನ 'ರಾಮಾಯಣ'ವನ್ನು ಮತ್ತೆ ಹಾಕಿತು. ಎಂ.ಎ. ಓದುತ್ತಿದ್ದ ನಾನು ಹಳಿಯಾಳ ಕಡೆಯ ನಮ್ಮೂರಿಗೆ ವಾಪಸು ಬಂದಿದ್ದೆ. ಶೀರ್ಷಿಕೆಯ ಹಾಡು ಶುರುವಾಗುತ್ತಿದ್ದಂತೆ ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಟಿವಿಯ ಎದುರಿಗೇ ಕುಂತಳು. "ನೀ ಆಗ ಇದನ್ನ ನೋಡಿದ್ದೇನವಾ?" ಎಂದು ಕೇಳಿದೆ. "ನೋಡಿಲ್ಲವಾ, ಕೇಳೀನಿ" ಅಂದಳು. ಆಗ ಅವಳಿಗೆ ಹನ್ನೆರಡು ವರ್ಷ. ಅವರವ್ವನ ಸಂಗಡ ಪ್ಯಾಟಿಯ ಒಂದು ದೊಡ್ಡ ಮನೆಗೆ ಭಾಂಡಿ ತಿಕ್ಕಲಿಕ್ಕೆ ಹೋಗುತ್ತಿದ್ದಳಂತೆ. ರವಿವಾರ ಮುಂಜಾನೆ ಒಳಗೆ ರಾಮಾಯಣ, ಹಿತ್ತಲಲ್ಲಿ ಬೂದಿ ಮತ್ತು ನೀರು. ಅಪ್ಪನ ಪಾಲು ಸ್ವಲ್ಪ ಮೇಲು: "ನಾವು ಗಂಡ್ಹುಡುಗರು ಕಿಡಕ್ಯಾಗಿಂದ ನೋಡತಿದ್ವಿ. ಸಳಿ ಹಿಡಿಯಾಕ ಬಿಡತಿರಲಿಲ್ಲ, ಮೈಲಿಗಿ ಅಂತ. ಕೈ ಹಿಂದ ಕಟ್ಟಿಕೊಂಡು ನಿಂತು ನೋಡೋದು."

ಇಡೀ ಊರು ಒಂದೇ ಕಡೆ ನೋಡುತ್ತಿತ್ತು ಎಂಬುದು ಸುಳ್ಳಲ್ಲ. ಎಲ್ಲರೂ ಒಂದೇ ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದರು. ಆದರೆ ಸೋಫಾದ ಮೇಲೆ ಕೂತವರು, ನೆಲದ ಮೇಲೆ ಕೂತವರು, ಬಾಗಿಲಲ್ಲಿ ನಿಂತವರು, ಕಿಡಕಿಯ ಹೊರಗೆ ಕೈಕಟ್ಟಿ ನಿಂತವರು, ಹಿತ್ತಲಲ್ಲಿ ಬರೀ ಕೇಳಿಸಿಕೊಂಡವರು ಎಂಬ ಶ್ರೇಣಿ ಹಾಗೇ ಇತ್ತು. ಚಾತುರ್ವರ್ಣ್ಯಕ್ಕೆ ಟಿವಿಯ ಮುಂದೆಯೂ ಜಾಗ ಗೊತ್ತಿತ್ತು. ಸೋಫಾದ ನೆನಪು ಇವತ್ತು ಎಲ್ಲರ ನೆನಪಾಗಿ ಮೆರೆಯುತ್ತಿದೆ. ಹಿತ್ತಲಿನ ನೆನಪಿಗೆ ಬರೆಯುವ ಕೈ ಇರಲಿಲ್ಲ. ಹಳಹಳಿಕೆ ಮುಗ್ಧ ಭಾವನೆ ಎಂದು ತಿಳಿದವರು ಈ ವ್ಯತ್ಯಾಸವನ್ನು ಗಮನಿಸಬೇಕು. ಹಿಂದಿನದಕ್ಕೆ ಹಂಬಲಿಸಲು ಹಿಂದೆ ಕೂರಲು ಒಂದು ಜಾಗ ಸಿಕ್ಕಿರಬೇಕು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ದಲಿತ ಪ್ಯಾಂಥರ್ಸ್ (1972) ಹೆಸರಿನಿಂದಲೇ ನಾವು ಅಮೆರಿಕದ ಕಪ್ಪು ಜನರ ಹೋರಾಟದ ನೆಂಟರು. ಆದ್ದರಿಂದ ಅಲ್ಲಿನ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಬಿಳಿಯ ಅಮೆರಿಕ ಈಗಲೂ ಹಂಬಲಿಸುವ ಹಳೆಯ ಧಾರಾವಾಹಿಗಳಲ್ಲಿ 'ದಿ ಆಂಡಿ ಗ್ರಿಫಿತ್ ಷೋ' (1960-68) ಒಂದು. ಉತ್ತರ ಕೆರೊಲಿನಾ ರಾಜ್ಯದ ಮೇಬೆರಿ ಎಂಬ ಕಲ್ಪನೆಯ ಊರು. ಅಲ್ಲಿ ಸಜ್ಜನ ಪೊಲೀಸ್ ಅಧಿಕಾರಿ, ಮೀನು ಹಿಡಿಯಲು ಹೋಗುವ ಮಗ, ಎಲ್ಲರಿಗೂ ಎಲ್ಲರ ಪರಿಚಯ. ಎಂಟು ವರ್ಷಗಳ ಆ ಧಾರಾವಾಹಿಯಲ್ಲಿ ಹೆಸರೂ ಮಾತೂ ಇದ್ದ ಕಪ್ಪು ಮನುಷ್ಯ ಬಂದದ್ದು ಒಂದೇ ಒಂದು ಕಂತಿನಲ್ಲಿ, ಅದೂ 1967ರಲ್ಲಿ. ಧಾರಾವಾಹಿ ಆರಂಭವಾದದ್ದು 1960ರ ಅಕ್ಟೋಬರ್. ಅದೇ ವರ್ಷದ ಫೆಬ್ರವರಿ 1ರಂದು ಅದೇ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯ ಮುಂದೆ ಕುಳಿತು ಏಳಲು ಒಪ್ಪಲಿಲ್ಲ. ಒಂದೇ ರಾಜ್ಯ, ಒಂದೇ ವರ್ಷ. ನಿಜದ ಊರಿನಲ್ಲಿ ಕೂರುವ ಜಾಗಕ್ಕಾಗಿ ಜಗಳ ನಡೆದಿತ್ತು, ತೆರೆಯ ಊರಿನಲ್ಲಿ ಜಗಳವಾಡಬೇಕಾದವರೇ ಇರಲಿಲ್ಲ. ಜಗಳ ಮಾಡುವವರನ್ನು ಮೊದಲೇ ಹೊರಗಿಟ್ಟು ಕಟ್ಟಿದ ಊರು ಶಾಂತವಾಗಿಯೇ ಇರುತ್ತದೆ.

ಮೇಬೆರಿಯನ್ನು ನೋಡಿದ ಕಣ್ಣಿನಿಂದ ನಮ್ಮ ಮಾಲ್ಗುಡಿಯನ್ನು ನೋಡಬೇಕು. ಇಲ್ಲಿ ನನಗೆ ಸಂಕಟವಿದೆ. ಶಂಕರ್‌ನಾಗ್ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಗ. ಆಗುಂಬೆಯನ್ನೇ ಮಾಲ್ಗುಡಿ ಮಾಡಿ, ಕನ್ನಡದ ಮುಖಗಳನ್ನು ದೇಶದ ಮನೆಮನೆಗೆ ಮುಟ್ಟಿಸಿದವರು. ಮಾಸ್ಟರ್ ಮಂಜುನಾಥ್ ಆಡಿದ ಸ್ವಾಮಿಯನ್ನು ಕಂಡರೆ ನನಗೂ ಪ್ರೀತಿ. ಅದು ಎತ್ತರದ ಕೆಲಸ ಎಂಬುದರಲ್ಲಿ ಎರಡು ಮಾತಿಲ್ಲ. ಅಲ್ಲಿ ಬಡವರಿಲ್ಲ ಅಂತಲೂ ನಾನು ಹೇಳುವುದಿಲ್ಲ. ಆದರೆ ಆ ಊರಿನ ಶಾಲೆ, ಸ್ಟೇಶನ್ನು, ಪೇಟೆ, ಹೊಳೆ ನನಗೆ ಕಣ್ಣಿಗೆ ಕಟ್ಟಿದ ಹಾಗಿವೆ, ಕೇರಿಗೆ ಹೋಗುವ ದಾರಿ ಮಾತ್ರ ನೆನಪಿಗೆ ಬರುವುದಿಲ್ಲ. ಸ್ವಾಮಿಯ ಮನೆಯ ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಪ್ರಶ್ನೆ ಏಳದಿರುವುದೇ ನೋಡುಗರಿಗೆ ಹಿತವಾಗಿದೆ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯ ಮಾಡಿದರು. ಇರದಿದ್ದ ಊರಿನ ನೆನಪಿಗೆ ಸಂಗ್ರಹಾಲಯ ಬಂತು.

ಇದ್ದ ಊರಿನ ಕತೆ ಬೇರೆ. ನಮ್ಮ ಪಕ್ಕದ ಜೋಯಿಡಾ ತಾಲೂಕಿಗೆ ಮೊದಲು ಸೂಪಾ ತಾಲೂಕು ಅಂತಲೇ ಹೆಸರು. ಗಣೇಶಗುಡಿಯ ಹತ್ತಿರ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ, ಸುಮಾರು 147 ಟಿಎಂಸಿ ನೀರು ನಿಲ್ಲಿಸಿದಾಗ ಸೂಪಾ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಜನ ರಾಮನಗರದಂಥ ಕಡೆ ಹೊಸದಾಗಿ ಒಲೆ ಹೂಡಿದರು. ಇದೆಲ್ಲ ನಡೆದದ್ದು 1980ರ ದಶಕದಲ್ಲಿ, ಅಂದರೆ ಹಳಹಳಿಕೆಯವರು ಸುವರ್ಣಯುಗ ಎನ್ನುವ ಅದೇ ವರ್ಷಗಳಲ್ಲಿ. ಕಾಳಿಯ ಕರೆಂಟು ರಾಜ್ಯದ ಪಟ್ಟಣಗಳಿಗೆ ಹರಿಯಿತು. ಆ ಪಟ್ಟಣಗಳ ಮನೆಗಳಲ್ಲಿ ರವಿವಾರ ಬೆಳಿಗ್ಗೆ ರಾಮ ಕಾಡಿಗೆ ಹೋದ, ಜನ ಕಣ್ಣೀರು ಹಾಕಿದರು. ಕಾಡಿನಲ್ಲೇ ಇದ್ದವರು ಕಾಡು ಬಿಟ್ಟು ಹೋದದ್ದು ಯಾವ ಕಂತಿನಲ್ಲೂ ಬರಲಿಲ್ಲ. ಜೋಯಿಡಾದ ಕುಣಬಿ, ಗೌಳಿ, ಸಿದ್ದಿ ವಾಡೆಗಳಿಗೆ ಆ ಕರೆಂಟು ಬರಲು ಬಹಳ ಕಾಲ ಹಿಡಿಯಿತು. ಟಿವಿಯನ್ನು ನೋಡದವರೂ ಅದರ ಬೆಲೆ ತೆತ್ತಿದ್ದಾರೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಕಡೆ ತಿರುಗಿದರೆ ಜಾಗ ಕಳಕೊಂಡವರೇ ಸಿಗುತ್ತಾರೆ. ಮುಂಡಗೋಡಿನಲ್ಲಿ 1966ರಿಂದ ನೆಲೆಸಿದ ಟಿಬೆಟಿಯನ್ನರು ಇದ್ದಾರೆ. ಪೋರ್ತುಗೀಜರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳಾದ ಸಿದ್ದಿಗಳು ಇದ್ದಾರೆ. ಅವರನ್ನು ಪರಿಶಿಷ್ಟ ಪಂಗಡ ಎಂದು ಒಪ್ಪಲು ಸರ್ಕಾರಕ್ಕೆ 2003ರವರೆಗೆ ಬೇಕಾಯಿತು. ಕಾಗದದ ಕಾರ್ಖಾನೆಯ ಆಸೆಗೆ ದಾಂಡೇಲಿಗೆ ನಾನಾ ಕಡೆಯಿಂದ ಬಂದ ಕೂಲಿಗಳು ಇದ್ದಾರೆ. ಇವರೆಲ್ಲರಿಗೂ ಹಳೆಯದರ ಹಂಬಲ ಉಂಟು. ಆದರೆ ಅದನ್ನು ಯಾರೂ ಹಳಹಳಿಕೆ ಎಂದು ಮುದ್ದು ಮಾಡುವುದಿಲ್ಲ. ಕಚೇರಿಗೆ ಹೋದರೆ ಅದರ ಹೆಸರು ಅರ್ಜಿ.

ಇಷ್ಟು ಬರೆದು ನಿಲ್ಲಿಸಿದರೆ ನಮ್ಮ ವಿಮರ್ಶೆ ತನಗೆ ಸುಲಭವಾದದ್ದನ್ನಷ್ಟೇ ಹೇಳಿದ ಹಾಗಾಗುತ್ತದೆ. "ಅವೆಲ್ಲ ವೈದಿಕಶಾಹಿಯ ಧಾರಾವಾಹಿಗಳು, ನಮಗೂ ಅದಕ್ಕೂ ಸಂಬಂಧವಿಲ್ಲ" ಎಂದು ಕೈ ತೊಳಕೊಳ್ಳಲು ಬರುವುದಿಲ್ಲ. 1988ರ ಜುಲೈ 31ಕ್ಕೆ 'ರಾಮಾಯಣ' ರಾಮನ ಪಟ್ಟಾಭಿಷೇಕದೊಂದಿಗೆ ಮುಗಿಯುವುದಿತ್ತು. ಆಗ ಪಂಜಾಬಿನ ಜಲಂಧರಿನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಅವರು ವಾಲ್ಮೀಕಿಯನ್ನು ತಮ್ಮ ಗುರು ಎಂದು ನಂಬಿದ ದಲಿತರು. ಉತ್ತರಕಾಂಡವನ್ನು, ಅಂದರೆ ವಾಲ್ಮೀಕಿಯೇ ಪಾತ್ರವಾಗಿ ಬರುವ ಭಾಗವನ್ನು, ತೋರಿಸಲೇಬೇಕು ಎಂಬುದು ಅವರ ಬೇಡಿಕೆ. ಮುಷ್ಕರ ಉತ್ತರ ಭಾರತದ ಬೇರೆ ಊರುಗಳಿಗೂ ಹಬ್ಬಿತು. ಸರ್ಕಾರ ಮಣಿಯಿತು, ಉತ್ತರ ರಾಮಾಯಣ ತೆರೆಗೆ ಬಂತು. ಇದನ್ನು ಗೆಲುವು ಎನ್ನಬೇಕೋ ಸೋಲು ಎನ್ನಬೇಕೋ? ಶಂಬೂಕನ ವಧೆ ಇರುವುದೂ ಅದೇ ಉತ್ತರಕಾಂಡದಲ್ಲಿ. ಕುವೆಂಪು 1944ರಲ್ಲೇ 'ಶೂದ್ರ ತಪಸ್ವಿ'ಯಲ್ಲಿ ರಾಮನ ಅಸ್ತ್ರವನ್ನು ಶಂಬೂಕನ ಮೇಲಿಂದ ಬ್ರಾಹ್ಮಣನ ಕಡೆಗೆ ತಿರುಗಿಸಿದ್ದರು, ಮಾಸ್ತಿಯವರ ಆಕ್ಷೇಪವನ್ನೂ ಎದುರಿಸಿದ್ದರು. ಜಲಂಧರಿನ ಕಾರ್ಮಿಕರು ಹಾಗೆ ಕತೆ ತಿದ್ದಲು ಹೋಗಲಿಲ್ಲ, ಕತೆಯಲ್ಲಿ ತಮ್ಮ ಪಾಲು ಕೇಳಿದರು. ಊರಿನ ಹೊಲಸು ಎತ್ತುವವರು ಎತ್ತುವುದನ್ನು ನಿಲ್ಲಿಸಿ, ದೇಶದ ಟಿವಿಯಲ್ಲಿ ಏನು ಬರಬೇಕೆಂದು ನಿರ್ಧರಿಸಿದ ಆ ಘಟನೆ ಹಳಹಳಿಕೆಯ ಯಾವ ಮಾತುಕತೆಯಲ್ಲೂ ಬರುವುದಿಲ್ಲ. ನನಗೆ ಇದು ಶಂಬೂಕನಷ್ಟೇ ಮುಖ್ಯ.

ಇನ್ನೊಂದು ಮರೆವು 'ತಮಸ್'. ರಾಮಾಯಣದ ಪ್ರಸಾರ ನಡೆದಿದ್ದಾಗಲೇ, 1988ರ ಜನವರಿಯಲ್ಲಿ, ಅದೇ ದೂರದರ್ಶನದಲ್ಲಿ ಗೋವಿಂದ ನಿಹಲಾನಿ ನಿರ್ದೇಶನದ ಆ ಧಾರಾವಾಹಿ ಬಂತು. ಮೂಲ ಭೀಷ್ಮ ಸಾಹನಿಯವರ ಕಾದಂಬರಿ. ಅದು ಆರಂಭವಾಗುವುದೇ ನತ್ಥು ಎಂಬ ಚಮ್ಮಾರನಿಂದ. ಕಾಸು ಕೊಟ್ಟು ಅವನ ಕೈಯಿಂದ ಒಂದು ಹಂದಿ ಕೊಲ್ಲಿಸುತ್ತಾರೆ. ಅದನ್ನು ಮಸೀದಿಯ ಮುಂದೆ ಎಸೆದು ಗಲಭೆ ಎಬ್ಬಿಸುತ್ತಾರೆ. ದೇಶವಿಭಜನೆಯ ಬೆಂಕಿಗೆ ದಲಿತನ ಕೈಯನ್ನು ಹೇಗೆ ಬಳಸಿಕೊಂಡರು ಎಂಬುದನ್ನು ಓಂ ಪುರಿಯ ಮುಖದಲ್ಲಿ ನೋಡಬೇಕು. ಪ್ರಸಾರ ತಡೆಯಲು ಸುಪ್ರೀಂ ಕೋರ್ಟಿನವರೆಗೂ ಹೋದರು, ಕೋರ್ಟು ಒಪ್ಪಲಿಲ್ಲ. ಅದೇ ವರ್ಷ, ಅದೇ ಚಾನೆಲ್. ಆದರೂ ಲಾಕ್‌ಡೌನಿನಲ್ಲಿ ದೇಶಕ್ಕೆ ನೆನಪಾದದ್ದು ರಾಮಾಯಣ. ಹಳಹಳಿಕೆ ನೆನಪಿಡುವ ಕೆಲಸದಷ್ಟೇ ಮರೆಯುವ ಕೆಲಸವನ್ನೂ ಚೊಕ್ಕವಾಗಿ ಮಾಡುತ್ತದೆ. ಆ ದಿನಗಳಲ್ಲಿ ಗೋವೆಯಿಂದ ತಮ್ಮೂರಿಗೆ ಮರಳಲು ನಮ್ಮ ಉತ್ತರ ಕರ್ನಾಟಕದ ಕೂಲಿಗಳು ಪರದಾಡುತ್ತಿದ್ದರು. ವನವಾಸ ಮುಗಿಸಿ ಊರಿಗೆ ಬರುವ ಕತೆ ಟಿವಿಯಲ್ಲಿತ್ತು, ಬರಲಾರದವರು ದಾರಿಯಲ್ಲಿದ್ದರು.

ಈ ಎಲ್ಲ ವಾದ ತಲೆಯಲ್ಲಿ ತುಂಬಿಕೊಂಡು ನಾನು ಅವತ್ತು ಅವ್ವನಿಗೆ ಶಂಬೂಕನ ಕತೆ ಹೇಳಿ ಟಿವಿ ಆರಿಸಲು ಹೋದೆ. ಅವಳು ಬಿಡಲಿಲ್ಲ. "ಶಂಬೂಕನ ಸುದ್ದಿ ನಿನಗ ಗೊತ್ತೈತಿ, ಈ ಆವಾಜು ನನಗ ಗೊತ್ತೈತಿ. ಅವತ್ತ ಹಿತ್ತಲದಾಗ ಇದ್ದೆ. ಇವತ್ತ ನನ್ನ ಮನ್ಯಾಗ, ನನ್ನ ಟಿವಿ ಮುಂದ ಕುಂತೀನಿ. ಬಂದ್ ಮಾಡಬ್ಯಾಡ ಯವ್ವಾ." ನಾನು ಓದಿದ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವಳು ರಾಮನಿಗೆ ಕೈಮುಗಿದಳೋ, ತಾನು ಕುಂತ ಜಾಗಕ್ಕೆ ಕೈಮುಗಿದಳೋ, ಇವತ್ತಿಗೂ ಹೇಳಲಾರೆ. ನಮ್ಮ ಜನ ನೋಡಿದ್ದನ್ನೆಲ್ಲ ಅಜ್ಞಾನ ಎನ್ನುವ ವಿಮರ್ಶೆ ಕಿಡಕಿ ಮುಚ್ಚಿದವರ ಕೆಲಸವನ್ನೇ ಮುಂದುವರಿಸುತ್ತದೆ.

ಅದೇ 2020ರ ಜುಲೈನಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರರ ಬದುಕಿನ ಹಿಂದಿ ಧಾರಾವಾಹಿ 'ಮಹಾನಾಯಕ' ಎಂಬ ಹೆಸರಿನಲ್ಲಿ ಕನ್ನಡದ ಮಾತು ಹೊತ್ತು ಬಂತು. ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಯುವಕರು ಕೈಯಿಂದ ದುಡ್ಡು ಹಾಕಿ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ಪ್ರಸಾರ ನಿಲ್ಲಿಸಬೇಕೆಂದು ಚಾನೆಲ್ಲಿನವರಿಗೆ ಬೆದರಿಕೆಯೂ ಬಂತು. ಶಾಲೆಯಲ್ಲಿ ನೀರಿಗಾಗಿ ಕಾಯುವ ಬಾಲ ಭೀಮನನ್ನು ಕಂಡು ಅಪ್ಪ ಮಾತಾಡಲಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಇದರದ್ದೂ ಹಳಹಳಿಕೆ ಶುರುವಾಗುತ್ತದೆ. ಆಗ ನಾವು, ಅದು ನಮ್ಮದು ಎಂಬ ಕಾರಣಕ್ಕೆ, ವಾಹಿನಿಯ ವ್ಯಾಪಾರವನ್ನೂ ಬಾಬಾಸಾಹೇಬರನ್ನು ದೇವರ ಪಟ ಮಾಡಿಬಿಡುವ ಅಪಾಯವನ್ನೂ ಕಾಣದೆ ಹೋಗಬಾರದು.

ನಾನು ಪಾಠ ಮಾಡುವ ತರಗತಿಯಲ್ಲಿ ಈಗ ಒಂದು ಕೆಲಸ ಕೊಡುತ್ತೇನೆ. ಮನೆಯ ಹಿರಿಯರನ್ನು "ಯಾವ ಧಾರಾವಾಹಿ ನೋಡಿದಿರಿ" ಎಂದು ಕೇಳಬೇಡಿ, "ಎಲ್ಲಿ ಕುಂತು ನೋಡಿದಿರಿ" ಎಂದು ಕೇಳಿ ಬರಕೊಂಡು ಬನ್ನಿ ಅನ್ನುತ್ತೇನೆ. ಜಗಲಿ, ಕಿಡಕಿ, ಪಂಚಾಯತಿ ಕಟ್ಟೆ, ಗೋಡೆಯ ಆಚೆಯ ಮರ ಎಂದೆಲ್ಲ ಬರೆದು ತರುತ್ತಾರೆ. ಕಳೆದ ವರ್ಷ ಜೋಯಿಡಾ ಕಡೆಯ ಒಬ್ಬ ಹುಡುಗಿ ಅರ್ಧ ಪುಟ ಮಾತ್ರ ಬರೆದಿದ್ದಳು. ಅವಳ ಅಜ್ಜ ಹೇಳಿದ್ದಿಷ್ಟು: ಆಗ ನಾವು ಟಿವಿ ನೋಡಲಿಲ್ಲ, ಊರು ಖಾಲಿ ಮಾಡುತ್ತಿದ್ದೆವು. ಆ ಅರ್ಧ ಪುಟವನ್ನು ತಿದ್ದದೆ ಇಟ್ಟುಕೊಂಡಿದ್ದೇನೆ. ಅಂಥ ಪುಟಗಳು ಇನ್ನಷ್ಟು ಬೇಕು.