ಅಂಗೈ ಮೇಲಿನ ಅಚ್ಚು

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಬುಡದಲ್ಲಿ ಕಾರುಗಳ ಡಿಕ್ಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಒಳಗೆ ಮುಂದಿನ ಗಾಲಿ ಕಳಚಿಟ್ಟ ಸೈಕಲ್ಲು, ಪಕ್ಕದಲ್ಲಿ ಹಳೇ ಬೆಡ್‌ಶೀಟ್ ಸುತ್ತಿದ ಗಾಲಿ. ಜೋಡಿಸಲು ಒಂದು ನಿಮಿಷ ಸಾಕು. ಆ ಒಂದು ನಿಮಿಷದಲ್ಲಿ ತಪ್ಪು ಮಾಡುವವರಿಗೇನೂ ಬರವಿಲ್ಲ.

ತಪ್ಪು ಬಹುಮಟ್ಟಿಗೆ ಒಂದೇ ಬಗೆಯದು. ಕ್ವಿಕ್ ರಿಲೀಸ್ ಲಿವರನ್ನು ನಟ್ಟಿನ ಹಾಗೆ ಗಿರಗಿರ ತಿರುಗಿಸಿ, 'ಟೈಟಾಯ್ತು' ಎಂದು ಏರಿ ಹೊರಡುವುದು. ಅದು ನಟ್ಟಲ್ಲ. ಲಿವರಿನ ಬುಡದಲ್ಲಿ ನಡುವಿನಿಂದ ಸರಿದು ಕೂತ ಒಂದು ಉರುಟು ತುಂಡಿದೆ. ಮೆಕ್ಯಾನಿಕ್‌ಗಳು ಅದನ್ನು ಕ್ಯಾಮ್ ಎನ್ನುತ್ತಾರೆ. ಲಿವರ್ ಮಡಚಿದಾಗ ಈ ಕ್ಯಾಮ್, ಟೊಳ್ಳು ಆಕ್ಸಲ್‌ನೊಳಗೆ ಹಾದುಹೋಗಿರುವ 5 ಮಿ.ಮೀ. ಸರಳನ್ನು ಎಳೆದು, ಫೋರ್ಕಿನ ಎರಡೂ ಕಾಲುಗಳನ್ನು ಹಬ್ಬಿಗೆ ಅದುಮಿ ಹಿಡಿಯುತ್ತದೆ. ಹಿಡಿತವೆಲ್ಲ ಮಡಚುವುದರಲ್ಲಿದೆ. ಎದುರು ಬದಿಯ ನಟ್ಟನ್ನು ತಿರುಗಿಸುವುದು ಅಳತೆ ಕೂಡಿಸಲಿಕ್ಕಷ್ಟೇ.

ಈ ಉಪಕರಣದ ಹಿಂದೆ ಇಟಲಿಯ ಒಂದು ಚಳಿಯ ಕಥೆಯಿದೆ. 1927ರ ನವೆಂಬರ್ 11ರಂದು ಕ್ರೋಚೆ ದಾವುನೆ ಎಂಬ ಘಟ್ಟದ ದಾರಿಯಲ್ಲಿ ರೇಸು ನಡೆದಿತ್ತಂತೆ. ಆಗ ಗೇರು ಬದಲಿಸಬೇಕೆಂದರೆ ಹಿಂದಿನ ಗಾಲಿಯನ್ನು ಬಿಚ್ಚಿ ತಿರುಗಿಸಿ ಹಾಕಬೇಕು. ತುಲ್ಲಿಯೊ ಕಂಪಾನ್ಯೋಲೊ ಎಂಬ ಸವಾರನಿಗೆ ಮರಗಟ್ಟಿದ ಬೆರಳುಗಳಿಂದ ನಟ್ಟು ಬಿಚ್ಚಲಾಗಲಿಲ್ಲ. 1930ರಲ್ಲಿ ಕ್ವಿಕ್ ರಿಲೀಸ್ ಬಂತು, 1933ರಲ್ಲಿ ವಿಚೆನ್ಸಾದಲ್ಲಿ ಆತನ ಕಂಪನಿ ಶುರುವಾಯಿತು. ಘಟ್ಟದ ಪ್ರಸಂಗ ದಂತಕಥೆ ಎನ್ನುವವರೂ ಇದ್ದಾರೆ. ಘಟ್ಟದ ಮೇಲೆ ಸ್ಮಾರಕವಂತೂ ನಿಂತಿದೆ.

ನಮ್ಮ ಊರಿನ ಕರಿ ಸೈಕಲ್ಲಿಗೆ ಈ ಅವಸರವೇ ಇರಲಿಲ್ಲ. ಅದರ ಬ್ರೇಕು ತಂತಿಯದಲ್ಲ, ಕಂಬಿಯದು; ಅದು ರಿಮ್ಮನ್ನು ಪಕ್ಕದಿಂದ ಹಿಡಿಯದೆ ಹಬ್ಬಿನ ಕಡೆಯಿಂದ ಮೇಲಕ್ಕೆ ಒತ್ತುತ್ತದೆ. ಹೀಗಾಗಿ ನಟ್ಟು ಬಿಚ್ಚಿದರೂ ಗಾಲಿ ಕೆಳಗಿಳಿಯಲು ಬ್ರೇಕ್ ರಬ್ಬರೇ ಅಡ್ಡ. ಸೈಕಲ್ ಶಾಪಿನವರು ಪಂಕ್ಚರ್ ಹಾಕಲು ಗಾಲಿ ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ಟೈರಿನ ಒಂದು ಅಂಚನ್ನು ಎಬ್ಬಿಸಿ, ಟ್ಯೂಬನ್ನು ಪಕ್ಕದಿಂದ ಎಳೆದು, ನೀರಿನ ಬೋಗುಣಿಯಲ್ಲಿ ಗುಳ್ಳೆ ಹುಡುಕಿ, ಪ್ಯಾಚ್ ಹಚ್ಚಿ ಕಳಿಸುತ್ತಾರೆ. ಟ್ಯೂಬೇ ಬದಲಾಗಬೇಕೆಂದರೆ ಮಾತ್ರ ಸ್ಪ್ಯಾನರ್ ಕೈಗೆ ಬರುತ್ತದೆ. ಆಗಲೂ ಬಲ್ಲವರು ಒಂದೇ ಕಡೆಯ ನಟ್ಟನ್ನು ಪೂರ್ತಿ ಬಿಗಿಯುವುದಿಲ್ಲ, ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು. ನಟ್ಟಿನ ಜೊತೆ ಬೇರಿಂಗ್ ಗುಂಡುಗಳನ್ನು ಹಿಡಿದಿಡುವ ಒಳಗಿನ ಕೋನ್ ಸಹ ತಿರುಗಿಬಿಟ್ಟರೆ ಗುಂಡುಗಳು ಕಚ್ಚಿಕೊಂಡು ಗಾಲಿ ನಿಧಾನವಾಗುತ್ತದೆ.

ಕ್ವಿಕ್ ರಿಲೀಸ್ ಗಾಲಿ ತೆಗೆಯುವುದು ಸುಲಭ. ರಿಮ್ ಬ್ರೇಕಾದರೆ ಮೊದಲು ಅದನ್ನು ಅಗಲಿಸಬೇಕು, ಇಲ್ಲವಾದರೆ ಗಾಳಿ ತುಂಬಿದ ಟೈರು ರಬ್ಬರುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಲಿವರ್ ತೆರೆದರೂ ಗಾಲಿ ಬೀಳದಿದ್ದರೆ ಗಾಬರಿ ಬೇಡ. ಫೋರ್ಕಿನ ತುದಿಯಲ್ಲಿ ಸಣ್ಣ ತಡೆಯಂಚುಗಳಿವೆ. ಎದುರಿನ ನಟ್ಟನ್ನು ನಾಲ್ಕಾರು ಸುತ್ತು ಸಡಿಲಿಸಬೇಕು. ಗಾಲಿ ತಾನಾಗಿ ಉದುರದಿರಲೆಂದು ಇಟ್ಟ ಈ ಅಂಚುಗಳಿಗೆ ಅಮೆರಿಕದವರು ತಮಾಷೆಗೆ ಇಟ್ಟ ಹೆಸರು 'ವಕೀಲರ ತುಟಿ'. ಕೋರ್ಟು ಖಟ್ಲೆಗಳಿಗೆ ಹೆದರಿ ಕಂಪನಿಗಳು ಹಾಕಿದವು ಅವು ಎಂಬ ಕುಹಕ.

ಜೋಡಿಸುವಾಗ ಸೈಕಲ್ಲನ್ನು ತಲೆಕೆಳಗು ಮಾಡದೆ ನೆಲದ ಮೇಲೆ ನಿಲ್ಲಿಸುವುದೇ ಸರಿ. ಸೈಕಲ್ಲಿನ ತೂಕವೇ ಆಕ್ಸಲನ್ನು ಫೋರ್ಕಿನ ತುದಿಯ ಎರಡೂ ಸೀಳುಗಳ ತಳಕ್ಕೆ ಕೂರಿಸುತ್ತದೆ. ಟೈರಿನ ಮೇಲಿನ ಬಾಣ ಮುಂದಕ್ಕೆ ತಿರುಗುವಂತಿರಲಿ, ಲಿವರ್ ಎಡಗಡೆ ಬರಲಿ, ಸರಳಿನ ಪುಟ್ಟ ಸ್ಪ್ರಿಂಗುಗಳ ಕಿರಿದಾದ ಬಾಯಿ ಹಬ್ಬಿನ ಕಡೆಗಿರಲಿ. ಇನ್ನು ಮುಖ್ಯ ಘಟ್ಟ. ಲಿವರ್ ಅರ್ಧ ಮಡಚಿ ನೇರ ಹೊರಕ್ಕೆ ಚಾಚಿ ನಿಂತಾಗಲೇ ಕೈಗೆ ಬಿಗಿ ಹತ್ತಬೇಕು. ಅದಕ್ಕೂ ಮೊದಲೇ ಹತ್ತಿದರೆ ನಟ್ಟು ಅತಿಯಾಯಿತು, ಆಮೇಲೆ ಹತ್ತಿದರೆ ಸಾಲದು. ಬೆರಳುಗಳನ್ನು ಫೋರ್ಕಿಗೆ ಆನಿಸಿ ಅಂಗೈಯಿಂದ ಒತ್ತಿದರೆ, ಮಡಚಿ ಮುಗಿಯುವ ಹೊತ್ತಿಗೆ ಲಿವರಿನ ಅಚ್ಚು ಅಂಗೈ ಮೇಲೆ ಕೆಂಪಗೆ ಮೂಡಿರುತ್ತದೆ. ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಅಗಲಿಸಿದ ಬ್ರೇಕನ್ನು ಮತ್ತೆ ಕೂಡಿಸಲು ಮರೆತವರು ಮೊದಲ ಇಳಿಜಾರಿನಲ್ಲೇ ನೆನಪಿಸಿಕೊಳ್ಳುತ್ತಾರೆ.

ಡಿಸ್ಕ್ ಬ್ರೇಕ್ ಬಂದಮೇಲೆ ವಿಷಯ ಇನ್ನಷ್ಟು ಗಂಭೀರವಾಯಿತು. ಫೋರ್ಕಿನ ಎಡಗಾಲಿನ ಹಿಂದೆ ಕೂತ ಡಿಸ್ಕ್ ಬ್ರೇಕು ಹಿಡಿದಾಗ ಆಕ್ಸಲ್ ಮೇಲೆ ಕೆಳಮುಖ ಒತ್ತಡ ಬೀಳುತ್ತದೆ, ಅಂದರೆ ಸೀಳಿನಿಂದ ಹೊರಕ್ಕೇ. 2015ರ ಏಪ್ರಿಲ್‌ನಲ್ಲಿ ಟ್ರೆಕ್ ಕಂಪನಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್ಲುಗಳ ಲಿವರ್ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಕಾರಣ ಬೇರೆ: ಅತಿಯಾಗಿ ತೆರೆದುಕೊಳ್ಳುತ್ತಿದ್ದ ಲಿವರ್, ಸರಿಯಾಗಿ ಮಡಚದೆ ಬಿಟ್ಟರೆ, ತಿರುಗುವ ಡಿಸ್ಕಿಗೆ ಸಿಕ್ಕಿಕೊಳ್ಳುವ ಅಪಾಯವಿತ್ತು. ಒಬ್ಬ ಸವಾರನ ಕೈಕಾಲುಗಳೇ ಸ್ವಾಧೀನ ತಪ್ಪಿದ್ದವು. ಅದೇ ವರ್ಷ ಇನ್ನೂ 13 ತಯಾರಕರು ಅದೇ ಹಾದಿ ಹಿಡಿದರು.

ಈಗಿನ ಹೊಸ ಡಿಸ್ಕ್ ರೋಡ್ ಸೈಕಲ್ಲುಗಳಲ್ಲಿ ಸರಳಿನ ಜಾಗಕ್ಕೆ 12 ಮಿ.ಮೀ. ದಪ್ಪದ ಥ್ರೂ ಆಕ್ಸಲ್ ಬಂದಿದೆ. ಫೋರ್ಕಿನ ತುದಿಯಲ್ಲಿ ತೆರೆದ ಸೀಳಿಲ್ಲ, ಮುಚ್ಚಿದ ತೂತು. ಆಕ್ಸಲ್ ಅಲ್ಲಿರುವವರೆಗೆ ಗಾಲಿ ಜಾರುವ ಮಾತಿಲ್ಲ. ಹಳೆಯ ಲಿವರಿನವರು ಮಾತ್ರ ಹೊರಡುವ ಮುನ್ನ ಹ್ಯಾಂಡಲ್ ಎತ್ತಿ, ಟೈರಿನ ನೆತ್ತಿಗೆ ಮುಷ್ಟಿಯಿಂದ ಎರಡೇಟು ಕುಟ್ಟಿ ನೋಡಲಿ. ಗಾಲಿ ಕದಲಿದರೆ ಲಿವರ್ ಬಿಚ್ಚಿ, ನಟ್ಟನ್ನು ಕಾಲು ಸುತ್ತು ಬಿಗಿದು, ಮತ್ತೆ ಮಡಚಬೇಕು.