ಬೀಳುವವನ ಕಡೆ ನೋಡಿ

ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ ಹುಡುಗನೊಬ್ಬನಿಗೆ ಕುಂಗ್‌ಫು ಹುಚ್ಚು ಹತ್ತಿದರೆ ಅವನಿಗೆ ಮೊದಲು ಸಿಗುವ ಮೇಷ್ಟ್ರು ಮೊಬೈಲು. ಕರಾಟೆ ತರಗತಿ ಯಾವುದೋ ಶಾಲೆಯ ಮೈದಾನದಲ್ಲಿ ನಡೆದೀತು, ಹಳೇ ಬೀದಿಯ ಗರಡಿ ಮನೆ ಇನ್ನೂ ಬಾಗಿಲು ತೆರೆದಿದ್ದೀತು. ಚೀನಾದ ವಿದ್ಯೆ ಮಾತ್ರ ಪರದೆಯ ಮೇಲೆಯೇ. ಅಲ್ಲಿ ಬರ ಎಂಬುದೇ ಇಲ್ಲ. ಏಳು ದಿನದಲ್ಲಿ ಶಾವೊಲಿನ್, ಒಂದೇ ಏಟಿಗೆ ಎದುರಾಳಿ ಚಿತ್, ಮನೆಯಲ್ಲೇ ಕೂತು ಬ್ಲ್ಯಾಕ್ ಬೆಲ್ಟ್. ಇದರಲ್ಲಿ ವಿದ್ಯೆ ಯಾವುದು, ಬೂಟಾಟಿಕೆ ಯಾವುದು ಎಂದು ಆರಿಸಲು ಚೀನಾಕ್ಕೆ ಹೋಗಬೇಕಾಗಿಲ್ಲ. ಗರಡಿಯ ಮಟ್ಟಿಯ ಅಂಚಿನಲ್ಲಿ ಕೂತು ಹುಡುಗರ ಜೋಡಿ ನೋಡುವ ಉಸ್ತಾದರ ಕಣ್ಣು ಇದ್ದರೆ ಸಾಕು ಎಂಬುದು ನನ್ನ ವಾದ.

ಕುಸ್ತಿ ನೋಡಲು ಬಂದ ಹೊಸಬ ಎತ್ತಿ ಒಗೆಯುವವನನ್ನು ನೋಡುತ್ತಾನೆ. ಉಸ್ತಾದರು ನೋಡುವುದು ಬೀಳುವವನನ್ನು. ಅವನ ಭಾರ ಯಾವ ಕಾಲ ಮೇಲಿತ್ತು, ಹಿಡಿತ ಬಿಡಿಸಿಕೊಳ್ಳಲು ಯಾವ ಮಗ್ಗುಲಿಗೆ ತಿರುಗಿದ, ಪಟ್ಟು ಬೀಳುವ ಮುಂಚೆ ನುಸುಳಿಕೊಳ್ಳಲು ಸಂದು ಇತ್ತೋ ಇಲ್ಲವೋ. ಮನಸ್ಸಿಟ್ಟು ತಡೆದರೂ ಬಿದ್ದರೆ ಅದು ಪಟ್ಟು. ಬೀಳಲೆಂದೇ ಬಂದವನು ಬಿದ್ದರೆ ನಾಟಕ. ಮೈಸೂರಿನ ದೊಡ್ಡಕೆರೆ ಮೈದಾನದ ಸಾಹುಕಾರ್ ಚನ್ನಯ್ಯ ಕುಸ್ತಿ ಅಖಾಡದಲ್ಲಿ ದಸರಾ ಕುಸ್ತಿ ನೋಡುವ ಹಳಬರು ಇಂಥ ನಾಟಕವನ್ನು ಕೂತಲ್ಲಿಂದಲೇ ಗುರುತಿಸಿ ಕೂಗು ಹಾಕುತ್ತಾರೆ. ವಿಡಿಯೊ ನೋಡುವಾಗ ಆ ಕೂಗು ಹಾಕುವವರು ಯಾರೂ ಇರುವುದಿಲ್ಲ.

ಚೆನ್ನಾಗಿ ಓಡುವ ವಿಡಿಯೊಗಳ ಒಂದು ಮಾದರಿ ನೋಡಿ. ಎದುರಾಳಿ ಮೂರು ಹೆಜ್ಜೆ ಆಚೆಯಿಂದ ಬಲಮುಷ್ಟಿ ಬೀಸಿಕೊಂಡು ಬರುತ್ತಾನೆ. ಗುರು ಎಡಗೈಯಲ್ಲಿ ತಡೆಯುತ್ತಾನೆ. ಆಮೇಲೆ ಕುತ್ತಿಗೆಗೊಂದು, ಪಕ್ಕೆಗೊಂದು, ಮಂಡಿಗೊಂದು ಸಾವಕಾಶವಾಗಿ ಬಡಿಸುತ್ತಾನೆ. ಅಷ್ಟು ಹೊತ್ತೂ ಎದುರಾಳಿಯ ಬಲಗೈ ಬಟ್ಟೆ ಒಣಹಾಕುವ ಗಳುವಿನ ಹಾಗೆ ಗಾಳಿಯಲ್ಲಿ ಚಾಚಿಕೊಂಡೇ ಇರುತ್ತದೆ. ಎಡಗೈ ಸೊಂಟದ ಪಕ್ಕ ನಿದ್ದೆ ಹೊಡೆಯುತ್ತಿರುತ್ತದೆ. ಬಸ್ ಸ್ಟ್ಯಾಂಡಿನ ಜಗಳದಲ್ಲೂ ಬೀಸಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳದವನು ಇರುವುದಿಲ್ಲ. ತಡೆಯುವ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ ಆ ಮುಷ್ಟಿ ಎಲ್ಲಿದೆ ಎಂದು ಗಮನಿಸಿ. ಎಷ್ಟೋ ಸಲ ಅದು ಗುರುವಿನ ಮುಖ ಮುಟ್ಟುವ ದೂರದಲ್ಲೇ ಇರುವುದಿಲ್ಲ. ತಡೆಯದೆ ಕೈಕಟ್ಟಿ ನಿಂತಿದ್ದರೂ ಗುರುವಿಗೆ ಏನೂ ಆಗುತ್ತಿರಲಿಲ್ಲ.

ಜೋಡಿಯವನು ಸಹಕರಿಸುವುದೇ ತಪ್ಪು ಎನ್ನಲಾಗದು. ಗರಡಿಯಲ್ಲೂ ಹೊಸ ಪಟ್ಟನ್ನು ಮೊದಲು ನಿಧಾನವಾಗಿ, ಎದುರಿನವನು ಬಗ್ಗಿ ಕೊಟ್ಟ ಮೇಲೆಯೇ ಕಲಿಸುತ್ತಾರೆ. ಆದರೆ ಅದು ಮೊದಲ ವಾರದ ಮಾತು. ಎರಡನೇ ವಾರ ಅದೇ ಜೋಡಿಗೆ ‘ಬಿಡಬೇಡ’ ಎಂದು ಹೇಳಿ ಮಟ್ಟಿಗೆ ಬಿಡುತ್ತಾರೆ. ವಿಡಿಯೊಗಳು ಮೊದಲ ವಾರದಲ್ಲೇ ಉಳಿದುಬಿಡುತ್ತವೆ. ನಾನು ಒಳ್ಳೆಯದೆನ್ನುವ ವಿಡಿಯೊದಲ್ಲಿ ಗುರು ಒಮ್ಮೆ ನಿಧಾನವಾಗಿ ತೋರಿಸುತ್ತಾನೆ, ಒಮ್ಮೆ ಜೋಡಿಯವನಿಗೆ ತಡೆಯಲು ಬಿಡುತ್ತಾನೆ, ಒಮ್ಮೆಯಾದರೂ ಪಟ್ಟು ಕೈಕೊಟ್ಟದ್ದನ್ನು ಕತ್ತರಿಸದೆ ಉಳಿಸಿಕೊಂಡು ಯಾಕೆ ಕೈಕೊಟ್ಟಿತೆಂದು ಹೇಳುತ್ತಾನೆ. ಸೋತದ್ದನ್ನು ತೋರಿಸುವ ಗುರು ಸಾವಿರಕ್ಕೊಬ್ಬ.

ಈ ದೋಷ ಅತಿ ಹೆಚ್ಚು ಕಾಡುವುದು ಹೆಣ್ಣುಮಕ್ಕಳ ಆತ್ಮರಕ್ಷಣೆ ಎಂಬ ಹೆಸರಿನ ವಿಡಿಯೊಗಳಲ್ಲಿ. ಮಣಿಕಟ್ಟು ಹಿಡಿದವನಿಂದ ಬಿಡಿಸಿಕೊಳ್ಳುವ ಪಾಠ ಎಲ್ಲದರಲ್ಲೂ ಇರುತ್ತದೆ. ಹಿಡಿದವನ ಹೆಬ್ಬೆರಳು ಮತ್ತು ಬೆರಳುಗಳ ನಡುವಿನ ಸಂದಿನ ಕಡೆಗೆ ಕೈಯನ್ನು ತಿರುಗಿಸಿ ಎಳೆಯುವುದು; ತತ್ತ್ವ ಸರಿಯಾಗಿಯೇ ಇದೆ. ಆದರೆ ವಿಡಿಯೊದ ದುಷ್ಟ ಕೈ ಹಿಡಿದು ಸುಮ್ಮನೆ ನಿಂತಿರುತ್ತಾನೆ. ನಿಜವಾಗಿ ಹಿಡಿಯುವವನು ಹಿಡಿದ ತಕ್ಷಣ ಎಳೆಯುತ್ತಾನೆ, ಇನ್ನೊಂದು ಕೈ ಭುಜದ ಮೇಲೋ ಜಡೆಯ ಮೇಲೋ ಬಿದ್ದಿರುತ್ತದೆ. ಆಗ ಎಳೆದ ಕಡೆಗೇ ಒಂದು ಹೆಜ್ಜೆ ಒಳನುಗ್ಗಿ, ಮೊಣಕೈಯನ್ನು ಮೈಗೆ ಹತ್ತಿರ ತಂದುಕೊಂಡ ಮೇಲಷ್ಟೇ ತಿರುಗಿಸುವ ಮಾತು. ಆ ಹೆಜ್ಜೆಯನ್ನು ಕಲಿಸುವ ವಿಡಿಯೊ ಅಪರೂಪ. ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಆತ್ಮರಕ್ಷಣಾ ತರಬೇತಿ ಮೂರು ತಿಂಗಳದು. ಅದು ಸಾಲದೆಂದು ದೂರುವವರು ಮೂರು ನಿಮಿಷದ ವಿಡಿಯೊವನ್ನು ಮಗಳಿಗೆ ಕಳಿಸಿ ನೆಮ್ಮದಿಯಾಗಿರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕ್ಯಾಮೆರಾದ ಮಾತಿಗೆ ಬರೋಣ. ಕುಂಗ್‌ಫುವಿನಲ್ಲಿ ಮೊದಲ ಪಾಠ ‘ಮಾ ಬು’, ಕುದುರೆ ಸವಾರನ ನಿಲುವು. ಕಾಲು ಅಗಲಿಸಿ, ತೊಡೆ ಇಳಿಸಿ ನಿಲ್ಲುವುದು. ಇದರಲ್ಲಿ ತಪ್ಪಾಗುವುದೆಲ್ಲ ಕೆಳಗೆ. ಮಂಡಿ ಒಳಕ್ಕೆ ವಾಲುತ್ತದೆ, ಹಿಮ್ಮಡಿ ಏಳುತ್ತದೆ, ಪಾದ ಒಂದು ಕಡೆ ಮಂಡಿ ಇನ್ನೊಂದು ಕಡೆ ನೋಡುತ್ತವೆ. ಆದರೆ ಕ್ಯಾಮೆರಾ ಗುರುವಿನ ಎದೆ ಮಟ್ಟದಲ್ಲಿ ನಿಂತು ಅವನ ಮುಖದ ಗಾಂಭೀರ್ಯವನ್ನು ಸೆರೆಹಿಡಿಯುತ್ತಿರುತ್ತದೆ. ಬಸ್ಕಿ ಹೊಡೆಸುವಾಗ ಯಾವ ಉಸ್ತಾದರೂ ಹುಡುಗನ ಮುಖ ನೋಡುವುದಿಲ್ಲ. ಪಾದ ಕಾಣದ ನಿಲುವಿನ ಪಾಠಕ್ಕೆ ನಾನು ಸೊನ್ನೆ ಕೊಡುತ್ತೇನೆ, ಹಿನ್ನೆಲೆಯಲ್ಲಿ ಎಂಥ ಬೆಟ್ಟವೇ ಇರಲಿ, ಎಂಥ ಕೊಳಲೇ ಊದುತ್ತಿರಲಿ.

ಚಿತ್ರೀಕರಣದ ಸೊಗಸಿಗೂ ಒಳಗಿನ ವಿದ್ಯೆಗೂ ಸಂಬಂಧವಿಲ್ಲ ಎಂಬುದಕ್ಕೆ ಇಪ್ ಮನ್ ಅವರ ಫಿಲಂ ಇದೆ. ಬ್ರೂಸ್ ಲೀಗೆ ಹಾಂಗ್‌ಕಾಂಗ್‌ನಲ್ಲಿ ವಿಂಗ್ ಚುನ್ ಕಲಿಸಿದವರು ಅವರು. 1972ರ ಕೊನೆಯಲ್ಲಿ, ಗಂಟಲಿನ ಕ್ಯಾನ್ಸರ್‌ನಿಂದ ಸೊರಗಿ ಸಾವಿಗೆ ಹತ್ತಿರವಾಗಿದ್ದಾಗ, 8 ಎಂ.ಎಂ. ಕ್ಯಾಮೆರಾದ ಮುಂದೆ ನಿಂತು ತಮ್ಮ ಪದ್ಧತಿಯ ಮೊದಲ ಎರಡು ವರಸೆಗಳನ್ನೂ ಮರದ ಕಂಬದ ಅಭ್ಯಾಸವನ್ನೂ ಮಾಡಿ ತೋರಿಸಿದರು. ಮಸುಕು ಚಿತ್ರ, ಬಡಕಲು ಮುದುಕ. ಆದರೂ ಕಂಬದ ಸುತ್ತ ಅವರ ಪಾದ ಸರಿಯುವ ರೀತಿಯೊಂದನ್ನೇ ನೂರು ಸಲ ನೋಡಬಹುದು. (ಕಂಬದ ಅಭ್ಯಾಸ ನಮಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಗಳ ನಡುವೆ ಸ್ತಂಭಶ್ರಮವೂ ಇದೆ.) ಇಷ್ಟಾಗಿಯೂ ಆ ಫಿಲಂ ಪಾಠವಲ್ಲ, ದಾಖಲೆ. ಕೈ ಸ್ವಲ್ಪ ಕೆಳಗಿಳಿದದ್ದು ಪದ್ಧತಿಯೋ ಕಾಯಿಲೆಯ ನಿತ್ರಾಣವೋ ಎಂಬ ಪ್ರಶ್ನೆಗೆ ಫಿಲಂ ಉತ್ತರ ಕೊಡುವುದಿಲ್ಲ. ಎದುರಿಗಿದ್ದ ಶಿಷ್ಯ ಕೇಳಬಹುದಿತ್ತು.

ದೂರದಿಂದ ಮೈಪಳಗಿಸುವ ಈ ಸಾಹಸ ಮೈಸೂರು ಸೀಮೆಗೆ ಹಳೆಯದು. ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಕನ್ನಡದಲ್ಲೇ, ಚಿತ್ರಗಳ ಸಮೇತ, 1934ರಲ್ಲಿ ಬಂತು. 1938ರಲ್ಲಿ ಅವರನ್ನೂ ತರುಣ ಬಿ.ಕೆ.ಎಸ್. ಅಯ್ಯಂಗಾರರನ್ನೂ ಮೂಕಿ ಫಿಲಂನಲ್ಲಿ ಸೆರೆಹಿಡಿದರು. ಅದು ಕಲಿಸುತ್ತೇನೆಂದು ಹೇಳಿಕೊಳ್ಳಲಿಲ್ಲ, ಹೀಗೂ ಮೈ ಬಗ್ಗುತ್ತದೆ ಎಂದು ತೋರಿಸಿತು ಅಷ್ಟೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ, ‘ಶಾಂತಲಾ’ ಕಾದಂಬರಿಯ ಕೆ.ವಿ. ಅಯ್ಯರ್ ಅಂಚೆಯಲ್ಲೇ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. ಅಂಚೆಯ ಒಂದು ಗುಣವೆಂದರೆ ಅದು ಎರಡೂ ಕಡೆಗೆ ಓಡುತ್ತದೆ. ಇವತ್ತು ದುಡ್ಡು ಕಟ್ಟಿಸಿಕೊಳ್ಳುವ ಆನ್‌ಲೈನ್ ಕೋರ್ಸುಗಳಲ್ಲಿ ಕಲಿಯುವವನೇ ತನ್ನ ವಿಡಿಯೊ ತೆಗೆದು ಕಳಿಸಿ, ಅದಕ್ಕೆ ‘ಎಡಮಂಡಿ ನೋಡ್ಕೋ’ ಎಂದು ಉತ್ತರ ಬರುವಂಥವು ಕೆಲವಿವೆ. ಶುಲ್ಕಕ್ಕೆ ತಕ್ಕ ವಸ್ತು ಅದೊಂದೇ.

ಒಂಟಿಯಾಗಿ ಮಾಡುವ ಅಭ್ಯಾಸಗಳ ಮಟ್ಟಿಗೆ ನನ್ನ ತಕರಾರು ಕಡಿಮೆ. ಎಂಟು ಚಲನೆಗಳ ‘ಬಾ ದುವಾನ್ ಜಿನ್’ ಎಂಬ ಉಸಿರು-ಮೈಯ ಸಾಧನೆಯನ್ನು ಜರ್ಮನಿಯ ಓಟರ್‌ಬರ್ಗ್‌ನಲ್ಲಿರುವ ಶಾವೊಲಿನ್ ಟೆಂಪಲ್ ಯುರೋಪಿನ ಶಿ ಹೆಂಗ್ ಯಿ ಕಲಿಸುವ ವಿಡಿಯೊಗಳು ನಿಧಾನವಾಗಿವೆ, ಅಚ್ಚುಕಟ್ಟಾಗಿವೆ. ನಡುವೆ ಬರುವ ಉಪದೇಶ ನನಗೆ ಸ್ವಲ್ಪ ಜಾಸ್ತಿ ಎನಿಸಿದರೂ ನೋಡಿಕೊಂಡು ಮಾಡಿದವರಿಗೆ ನಷ್ಟವಿಲ್ಲ. ವುಶು ಸ್ಪರ್ಧೆಯ ‘ತಾವೊಲು’ ವರಸೆಗಳೂ ಅಷ್ಟೆ, ಕ್ರಮ ನೆನಪಿಟ್ಟುಕೊಳ್ಳಲು ವಿಡಿಯೊ ಒಳ್ಳೆಯ ಕೈಪಿಡಿ.

ಬಿರುದುಗಳನ್ನು ನಂಬಬೇಡಿ. ಬಣ್ಣದ ಬೆಲ್ಟು ಜಪಾನಿನ ಜೂಡೊದಿಂದ ಬಂದದ್ದು. ಕುಂಗ್‌ಫುವಿನಲ್ಲಿ ಪುರಾತನ ಬ್ಲ್ಯಾಕ್ ಬೆಲ್ಟ್ ಪರಂಪರೆ ತಮ್ಮದೆನ್ನುವವರು ಅಲ್ಲೇ ಸಿಕ್ಕಿಬೀಳುತ್ತಾರೆ. 2017ರಲ್ಲಿ ಚೆಂಗ್ದುವಿನಲ್ಲಿ ತೈ ಚಿ ಗುರು ವೇಯ್ ಲೇಯ್ ಅವರನ್ನು ಮಿಶ್ರ ಕದನ ಕಲೆಯ ಶು ಷಿಯಾವೊಡಾಂಗ್ ನೆಲಕ್ಕೆ ಕೆಡವಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಬೀಳಲು ಒಪ್ಪದವನು ಎದುರಿಗೆ ನಿಂತಿದ್ದ.

ನಮ್ಮದೇ ವಜ್ರಮುಷ್ಟಿ ಕಾಳಗವೂ ವಿಡಿಯೊದಲ್ಲಿ ಕೆಟ್ಟಿದೆ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಜಟ್ಟಿಗಳು ಸೆಣಸುತ್ತಾರೆ, ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಹರಿದಾಡುವುದು ಆ ರಕ್ತದ ಕ್ಷಣ ಮಾತ್ರ. ಕಲಿಯುವವನಿಗೆ ಬೇಕಾದದ್ದು ಅದಕ್ಕೆ ಮುಂಚಿನದು: ಇಬ್ಬರ ನಡುವೆ ಎಷ್ಟು ಅಂತರವಿತ್ತು, ಯಾರು ಯಾರ ಹೆಜ್ಜೆಗೆ ಕಾದರು, ಹಿರಿಯರು ಯಾವ ಗಳಿಗೆಯಲ್ಲಿ ನಡುವೆ ನುಗ್ಗಿ ಬಿಡಿಸಿದರು. ಅದನ್ನು ಕತ್ತರಿಸಿ ಬಿಸಾಡಿರುತ್ತಾರೆ.

ನರಸೀಪುರದ ಪರಿಚಯದವರೊಬ್ಬರು ಕೇಳಿದರು: ‘ಸಾರ್, ಮಗ ಹಟ ಮಾಡ್ತಾವ್ನೆ, ದುಡ್ಡು ಕಟ್ಟಿ ಕೋರ್ಸ್ ಹಾಕಿಸ್ಲಾ?’ ನಾನು ಹುಡುಗ ಎಲ್ಲಿ ಅಭ್ಯಾಸ ಮಾಡುತ್ತಾನೆಂದು ಕೇಳಿದೆ. ತಾರಸಿ ಮೇಲಂತೆ, ಸಿಮೆಂಟು. ಜೂಡೊದಲ್ಲಿ ಮೊದಲು ಬೀಳುವುದನ್ನು ಕಲಿಸುತ್ತಾರೆ, ಗರಡಿಯಲ್ಲಿ ಕೆಮ್ಮಣ್ಣನ್ನು ಅಗೆದು ಸಡಿಲ ಮಾಡಿದ ಮೇಲೆಯೇ ಹುಡುಗರನ್ನು ಇಳಿಸುತ್ತಾರೆ. ಅವರು ತೋರಿಸಿದ ಕೋರ್ಸಿನ ಪಾಠಗಳ ಪಟ್ಟಿಯಲ್ಲಿ ಹಾರಿ ಒದೆಯುವುದು ನಾಲ್ಕನೆಯದು, ಬೀಳುವುದು ಎಲ್ಲೂ ಇರಲಿಲ್ಲ. ವರಸೆ ಬೇಕಾದರೆ ಪುಕ್ಕಟೆ ವಿಡಿಯೊ ನೋಡಿ ಕಲಿಯಲಿ, ಹಾರುವ ಒದೆತ ಸದ್ಯಕ್ಕೆ ಬೇಡ, ಆ ದುಡ್ಡಿನಲ್ಲಿ ವಾರಕ್ಕೆರಡು ಸಲ ಮೈಸೂರಿನ ಯಾವುದಾದರೂ ಗರಡಿಗೆ ಬಸ್ಸು ಹತ್ತಿಸಿ ಎಂದೆ. ಹುಡುಗ ಒಪ್ಪಲಿಲ್ಲವಂತೆ. ಗರಡಿಯಲ್ಲಿ ಕುಂಗ್‌ಫು ಡ್ರೆಸ್ ಇರುವುದಿಲ್ಲವಲ್ಲ!